ಬೋನೆನ್‌ಕಾಯ್ ಪಾರ್ಟೀಲಿ ಹಳೇ ಜಪಾನಿ ಡಿಸ್ಕೋ: ಯಾವ ಡ್ಯಾನ್ಸ್ ಯಾರಿಗೆ ಸರಿ ಹೋಗತ್ತೆ?

ಜಪಾನಲ್ಲಿ ಕೆಲ್ಸಕ್ಕೆ ಸೇರಿದ ನಮ್ಮೋರಿಗೆ ಚಳಿ ಶುರುವಾಗೋ ಹೊತ್ಗೆ ಒಂದು ಮೇಲ್ ಬರತ್ತೆ. ಡಿಸೆಂಬರ್‌ನಲ್ಲಿ ಬೋನೆನ್‌ಕಾಯ್ ಇದೆ, ಹೊಸಬ್ರೆಲ್ಲ ಸೇರ್ಕೊಂಡು ಒಂದು ಯೋಕ್ಯೋ ಮಾಡಿ ಅಂತ. ಬೋನೆನ್‌ಕಾಯ್ ಅಂದ್ರೆ ವರ್ಷದ ಕೊನೇಲಿ ಆಫೀಸಿನೋರೆಲ್ಲ ಕೂತು ತಿಂದು ಕುಡಿಯೋ ಪಾರ್ಟಿ, ಯೋಕ್ಯೋ ಅಂದ್ರೆ ಅದ್ರ ಮಧ್ಯೆ ಐದು ನಿಮಿಷ ಜನ್ರನ್ನ ನಗಿಸೋ ಕಾರ್ಯಕ್ರಮ. ಮದುವೆ ಆದ್ಮೇಲೆ ಫ್ರೆಂಡ್ಸ್ ಮಾಡೋ ನಿಜಿಕಾಯ್ ಪಾರ್ಟೀಲೂ ಇದೇ ಕಥೆ. ನಿಮ್ಮ ಟೀಮಲ್ಲಿ ಯಾರೋ ಒಬ್ರು ತಕ್ಷಣ "ಬಬ್ಲಿ ಡ್ಯಾನ್ಸ್ ಮಾಡೋಣ" ಅಂತಾರೆ, ಎಲ್ರೂ ಹೂಂ ಅಂತಾರೆ, ಆಮೇಲೆ ಪ್ರಾಕ್ಟೀಸ್ ಶುರುವಾದ ಮೊದಲ್ನೇ ದಿನ ಅರ್ಧ ಜನಕ್ಕೆ ಮಂಡಿ ನೋವು. ಹಾಗಾಗಿ ಹಳೇ ಡಿಸ್ಕೋ ಅಂದ ತಕ್ಷಣ ಅದೊಂದೇ ಅಲ್ಲ, ಇನ್ನೂ ನಾಲ್ಕೈದು ಇದೆ, ಯಾವ್ದು ಯಾವಾಗ ಅಂತ ಬರೀತಿದೀನಿ.

ಆರಿಸೋ ಮುಂಚೆ ಹಾಡು ಕೇಳ್ಬೇಡಿ, ಯೂಟ್ಯೂಬೂ ತೆಗೀಬೇಡಿ. ಎದ್ರಿಗೆ ಕೂತಿರೋರ ವಯಸ್ಸು ಎಷ್ಟು, ಪಾರ್ಟಿ ನಡಿಯೋ ಜಾಗದ ನೆಲ ಎಂಥದ್ದು, ಇಷ್ಟು ತಿಳ್ಕೊಳ್ಳಿ. ನಿಮ್ಗೆ ಎಷ್ಟು ಚೆನ್ನಾಗಿ ಕುಣಿಯೋಕ್ಕೆ ಬರತ್ತೆ ಅನ್ನೋದು ಆಮೇಲಿನ ಮಾತು. ನಾಚಿಕೆ ಬಿಟ್ಟು ಕುಣಿದ್ರೆ ಸಾಕು, ಯೋಕ್ಯೋಗೆ ಯಾರೂ ಮಾರ್ಕ್ಸ್ ಹಾಕಲ್ಲ. ಆದ್ರೆ ಕೂತಿರೋರಿಗೆ ಆ ಹಾಡು ಯಾವ್ದು ಅಂತಾನೇ ಗೊತ್ತಿಲ್ದಿದ್ರೆ ನೀವು ಎಷ್ಟು ಕುಣಿದ್ರೂ ಅವ್ರು ಪ್ಲೇಟ್ ನೋಡ್ಕೊಂಡು ಎದಮಾಮೆ, ಅಂದ್ರೆ ಬೇಯ್ಸಿದ ಹಸಿ ಸೋಯಾ ಕಾಯಿ, ಬಿಡಿಸ್ತಾ ಕೂತಿರ್ತಾರೆ.

ವಯಸ್ಸಿನ ಲೆಕ್ಕ ನಾನು ಹೀಗೆ ಹಾಕ್ತೀನಿ. ಜಪಾನಿ ಕಂಪನೀಲಿ ಬುಚೋ, ಅಂದ್ರೆ ಡಿಪಾರ್ಟ್‌ಮೆಂಟ್ ಹೆಡ್, ಸಾಮಾನ್ಯವಾಗಿ 50 ದಾಟಿರೋರು. ಅವ್ರು ಚಿಕ್ಕ ಮಕ್ಕಳಾಗಿದ್ದಾಗ, 1970ರ ದಶಕದ ಕೊನೇಲಿ, ಪಿಂಕ್ ಲೇಡಿ ಅನ್ನೋ ಇಬ್ಬರು ಹುಡುಗೀರ ಜೋಡಿ ಟೀವೀಲಿ ಕುಣೀತಿತ್ತು, ದೇಶದ ಮಕ್ಕಳೆಲ್ಲ ಅದನ್ನ ನೋಡ್ಕೊಂಡು ಕುಣೀತಿದ್ರು. ಅವ್ರೇ ಕಾಲೇಜು ಮುಗ್ಸಿ ದುಡಿಯೋಕ್ಕೆ ಶುರು ಮಾಡೋ ಹೊತ್ಗೆ ಬಬಲ್ ಕಾಲದ ಕೊನೆ, ಅಂದ್ರೆ 1980ರ ದಶಕದ ಕೊನೇಲಿ ಜಪಾನಿನ ಶೇರು, ಜಮೀನು ಬೆಲೆ ಗುಳ್ಳೆ ಥರ ಊದಿದ್ದ ಕಾಲ, ಇಲ್ಲಾ ಅದು ಒಡೆದ ಮೇಲಿನ ಜೂಲಿಯಾನಾ ಅನ್ನೋ ಡಿಸ್ಕೋ ಕಾಲ. ಕಾಚೋ, ಅಂದ್ರೆ ಮ್ಯಾನೇಜರ್ ಮಟ್ಟದೋರು 40ರ ಆಸುಪಾಸು, ಅವ್ರ ಹೈಸ್ಕೂಲ್ ಕಾಲೇಜು ದಿನಗಳಲ್ಲಿ 1999, 2000ರ ಪಾರಾಪಾರಾ ಅನ್ನೋ ಡ್ಯಾನ್ಸಿನ ಹುಚ್ಚು ಇತ್ತು. ಇನ್ನು 20ರ ಹರೆಯದ ಹುಡುಗ್ರು ಹುಡುಗೀರು, ಇವ್ರು ಸ್ಕೂಲಲ್ಲಿದ್ದಾಗ 2017ರಲ್ಲಿ ಬಬ್ಲಿ ಡ್ಯಾನ್ಸ್ ವಿಡಿಯೋ ವೈರಲ್ ಆಯ್ತು, ಸ್ಕೂಲ್ ಫೆಸ್ಟಿವಲ್‌ಗಳಲ್ಲೂ ಅದೇ ನಡೀತು. ಇದನ್ನ ಇಟ್ಕೊಂಡು ನಿಮ್ಮ ಆಫೀಸಿನ ಪಟ್ಟಿ ನೋಡಿ, ಯಾವ ವಯಸ್ಸಿನೋರು ಜಾಸ್ತಿ ಅಂತ. ಬುಚೋ ಒಬ್ರೇ ಇದ್ದು ಮಿಕ್ಕವ್ರೆಲ್ಲ ಚಿಕ್ಕೋರಾದ್ರೂ ಬುಚೋ ನಕ್ಕರೆ ಇಡೀ ರೂಮು ನಗತ್ತೆ, ಇದು ಜಪಾನಿನ ಆಫೀಸು, ಮರೀಬೇಡಿ.

ನೆಲದ ವಿಷ್ಯ ಬಹಳ ಜನ ಯೋಚ್ನೆನೇ ಮಾಡಲ್ಲ. ಪಾರ್ಟಿ ಇಜಕಾಯಾದಲ್ಲಿ, ಅಂದ್ರೆ ತಿಂದು ಕುಡಿಯೋ ಜಪಾನಿ ಹೋಟೆಲಲ್ಲಿ, ಇದ್ದು ಕೊಟ್ಟಿರೋ ರೂಮು ಝಾಶಿಕಿ ಆದ್ರೆ, ಅಂದ್ರೆ ತತಾಮಿ ಚಾಪೆ ಹಾಸಿದ ರೂಮು, ಅಲ್ಲಿ ಚಪ್ಪಲಿ ಶೂ ಎಲ್ಲ ಬಾಗಿಲ ಹೊರಗೆ. ನೀವು ಹೈ ಹೀಲ್ಸ್ ಹಾಕ್ಕೊಂಡು ಪ್ರಾಕ್ಟೀಸ್ ಮಾಡಿದ್ದೆಲ್ಲ ನೀರಲ್ಲಿ ಹೋಮ. ಸಾಕ್ಸ್ ಹಾಕ್ಕೊಂಡು ತತಾಮಿ ಮೇಲೆ ತಿರುಗಿದ್ರೆ ಜಾರತ್ತೆ, ಹಾರಿದ್ರೆ ಕೆಳಗಿನ ಮಹಡಿಯೋರು ಬರ್ತಾರೆ, ಕೈ ಎತ್ತಿದ್ರೆ ಲೈಟಿಗೆ ತಗಲತ್ತೆ. ನಿಜಿಕಾಯ್ ನಡಿಯೋ ರೆಸ್ಟೋರೆಂಟು, ಹೋಟೆಲ್ ಹಾಲ್ ಆದ್ರೆ ಈ ತೊಂದ್ರೆ ಇಲ್ಲ. ಪಾರ್ಟಿ ವ್ಯವಸ್ಥೆ ನೋಡ್ಕೊಳ್ಳೋ ಕಾಂಜಿ ಇರ್ತಾರಲ್ಲ, ಅವ್ರನ್ನ ಮೊದ್ಲೇ ಕೇಳಿ: ಶೂ ಹಾಕ್ಕೋಬಹುದಾ, ಎಷ್ಟು ಜಾಗ ಸಿಗತ್ತೆ, ಸ್ಪೀಕರ್ ಇದ್ಯಾ.

ಈಗ ಒಂದೊಂದಾಗಿ.

ಬಬ್ಲಿ ಡ್ಯಾನ್ಸ್

ಓಸಾಕಾ ಹತ್ರ ಸಕಾಯ್ ಊರಿನ ತೋಮಿಯೋಕಾ ಹೈಸ್ಕೂಲಿನ ಡ್ಯಾನ್ಸ್ ಕ್ಲಬ್ ಹುಡುಗೀರು 2017ರಲ್ಲಿ ಮಾಡಿದ್ದು. ಹಾಡು ಓಗಿನೋಮೆ ಯೋಕೋ ಅವ್ರ 1985ರ 'ಡ್ಯಾನ್ಸಿಂಗ್ ಹೀರೋ', ಅದೂ ಏಂಜಿ ಗೋಲ್ಡ್ ಅನ್ನೋ ಬ್ರಿಟಿಷ್ ಗಾಯಕಿಯ ಇಂಗ್ಲಿಷ್ ಹಾಡಿನ ಜಪಾನಿ ರೂಪ. ಕೊರಿಯೋಗ್ರಫಿ ಅದೇ ಸ್ಕೂಲಿನ ಹಳೇ ವಿದ್ಯಾರ್ಥಿನಿ ಅಕಾನೆ ಅವ್ರದ್ದು. ದೊಡ್ಡ ಭುಜದ ಜಾಕೆಟ್, ಗಾಢ ಬಣ್ಣದ ಸ್ಕರ್ಟ್, ಹಣೆ ಮೇಲೆ ಎತ್ತಿ ನಿಲ್ಸಿದ ಕೂದ್ಲು, ಕೆಂಪು ಲಿಪ್‌ಸ್ಟಿಕ್, ಹುಟ್ಟೋಕ್ಕೆ ಮುಂಚಿನ ಕಾಲದ ಆಂಟಿಗಳ ಥರ ಡ್ರೆಸ್ ಮಾಡ್ಕೊಂಡು ಹದಿನಾರು ಹದಿನೇಳರ ಹುಡುಗೀರು ಕುಣಿದ್ರೆ ಹೇಗಿರತ್ತೆ, ಅದೇ ಮಜಾ. ಮೂವತ್ತು ವರ್ಷ ಹಳೇ ಹಾಡು ಮತ್ತೆ ಚಾರ್ಟಿಗೆ ಬಂತು, ವರ್ಷದ ಕೊನೇಲಿ ಟೀವಿ ಶೋಗಳಲ್ಲೆಲ್ಲ ಇವ್ರೇ.

ಇದ್ರ ದೊಡ್ಡ ಪ್ಲಸ್ ಪಾಯಿಂಟು ಮೇಲಿನ ವಯಸ್ಸಿನ ಲೆಕ್ಕದಲ್ಲೇ ಇದೆ. ಬುಚೋಗೆ ತನ್ನ ಹರೆಯದ ಹಾಡು, ಹೊಸ ಹುಡುಗ್ರಿಗೆ ತಮ್ಮ ಸ್ಕೂಲಿನ ಡ್ಯಾನ್ಸು. ಎರಡೂ ತುದಿಯೋರಿಗೆ ಒಂದೇ ಹಾಡು ಹಿಡಿಸೋದು ಅಪರೂಪ.

ಮೈನಸ್ ಏನಂದ್ರೆ ಇದು ಕಷ್ಟ. ಸಿಕ್ಕಾಪಟ್ಟೆ ಕಷ್ಟ. ನೋಡೋಕ್ಕೆ ಕಾಮಿಡಿ ಅನ್ಸತ್ತೆ, ಆದ್ರೆ ಆ ಹುಡುಗೀರು ನ್ಯಾಷನಲ್ ಮಟ್ಟದ ಸ್ಪರ್ಧೆ ಗೆದ್ದಿರೋ ಕ್ಲಬ್ಬಿನೋರು, ದಿನಾ ಸ್ಕೂಲ್ ಬಿಟ್ಮೇಲೆ ಗಂಟೆಗಟ್ಲೆ ಪ್ರಾಕ್ಟೀಸ್ ಮಾಡೋರು. ಮಂಡಿ ಬಗ್ಸಿ ಕೂತು ಏಳೋದು, ಸಾಲು ಬದ್ಲಾಯ್ಸೋದು, ತಲೆ ಒಂದೇ ಕೋನದಲ್ಲಿ ತಿರುಗ್ಸೋದು, ಇದೆಲ್ಲ ಆಫೀಸ್ ಮುಗ್ಸಿ ಎಂಟು ಗಂಟೆಗೆ ಪ್ರಾಕ್ಟೀಸ್‌ಗೆ ಬರೋ ನಿಮ್ಮ ಕೈಲಿ ಒಂದು ತಿಂಗಳಲ್ಲಿ ಆಗಲ್ಲ. ಆಗ್ಬೇಕಾಗೂ ಇಲ್ಲ ಬಿಡಿ. ಕೋರಸ್ ಭಾಗ ಮಾತ್ರ ನಿಜವಾದ ಸ್ಟೆಪ್ ಕಲೀರಿ, ಅದೇ ಎಲ್ರಿಗೂ ನೆನಪಿರೋದು. ಮಿಕ್ಕಿದ್ದಕ್ಕೆಲ್ಲ ಸ್ಕಿಟ್ ಹಾಕಿ. ಕಾಮಿಡಿಯನ್ ಹಿರಾನೋ ನೋರಾ ಬಬಲ್ ಕಾಲದ ಹೆಂಗಸಿನ ವೇಷದಲ್ಲಿ ಹೆಗಲಿಗೆ ನೇತಾಕೋ ಇಟ್ಟಿಗೆ ಗಾತ್ರದ ಫೋನ್ ಹಿಡ್ಕೊಂಡು "ಶಿಮೋಶಿಮೋ" (ಫೋನಲ್ಲಿ ಹಲೋ ಅನ್ನೋಕ್ಕೆ ಹೇಳೋ 'ಮೋಶಿಮೋಶಿ' ಉಲ್ಟಾ) ಅಂತಾರಲ್ಲ, ಅದನ್ನ ಮಾಡಿ. ಟ್ಯಾಕ್ಸಿ ನಿಲ್ಸೋಕ್ಕೆ ಹತ್ತು ಸಾವಿರ ಯೆನ್ ನೋಟು ಬೀಸೋದು ಇನ್ನೊಂದು ಹಳೇ ಜೋಕು, ಇವತ್ತಿಗೂ ನಡಿಯತ್ತೆ. ಒಂದೂವರೆ ನಿಮಿಷ ಸ್ಕಿಟ್, ಒಂದೂವರೆ ನಿಮಿಷ ಡ್ಯಾನ್ಸ್, ಅಷ್ಟೇ ಸಾಕು.

ಇದಕ್ಕಿಂತ ಸುಲಭದ ದಾರಿ ಒಂದಿದೆ, ಟೋಕಿಯೋದಲ್ಲಿರೋ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಗಿಫು, ಐಚಿ ಕಡೆ ಬೇಸಿಗೆಯ ಬೋನ್ ಹಬ್ಬದಲ್ಲಿ ಊರಿನೋರೆಲ್ಲ ಸುತ್ತು ನಿಂತು ಕುಣೀತಾರಲ್ಲ ಬೋನ್ ಒದೋರಿ, ಅಲ್ಲಿ ಈ ವೈರಲ್ ವಿಡಿಯೋಗಿಂತ ಎಷ್ಟೋ ವರ್ಷ ಮುಂಚಿಂದಾನೇ ಇದೇ 'ಡ್ಯಾನ್ಸಿಂಗ್ ಹೀರೋ' ಹಾಕಿ ಕುಣೀತಾರೆ. ಒಂದೇ ಸೆಟ್ ಸ್ಟೆಪ್ಪು ಮತ್ತೆ ಮತ್ತೆ ಬರತ್ತೆ, ಅಜ್ಜಿಯಿಂದ ಮೊಮ್ಮಗನ ತನಕ ಎಲ್ರೂ ಮಾಡೋ ಥರ. ಆ ಸ್ಟೆಪ್ಪು ತಗೊಂಡು ಬಬ್ಲಿ ಡ್ರೆಸ್ ಹಾಕ್ಕೊಂಡ್ರೆ ಕಷ್ಟ ಅರ್ಧಕ್ಕರ್ಧ ಕಮ್ಮಿ. ನಾಗೋಯಾ ಕಡೆಯ ಕಂಪನಿ ಆದ್ರೆ ಕಣ್ಣು ಮುಚ್ಕೊಂಡು ಇದನ್ನೇ ಮಾಡಿ, ಕೂತಿರೋರಲ್ಲಿ ಎಷ್ಟೋ ಜನ ತಾವಾಗೇ ಎದ್ದು ಸೇರ್ಕೋತಾರೆ.

ಪಿಂಕ್ ಲೇಡಿ 'ಯುಎಫ್‌ಓ'

ಇದು ಇಬ್ಬರಿಗೆ. ಆರು ಜನ ಇದ್ರೆ ಮೂರು ಜೋಡಿ ಮಾಡ್ತೀವಿ ಅಂತೆಲ್ಲ ಹೋಗ್ಬೇಡಿ, ಅದ್ರ ಚೆಂದ ಕೆಡತ್ತೆ. 1977ರ ಡಿಸೆಂಬರ್‌ನಲ್ಲಿ ಬಂದ ಹಾಡು, ಮುಂದಿನ ವರ್ಷ ಜಪಾನ್ ರೆಕಾರ್ಡ್ ಪ್ರಶಸ್ತಿ ತಗೊಂಡಿದ್ದು. ಮಿ ಮತ್ತೆ ಕೇ ಅಂತ ಇಬ್ರು, ಮಿಣಮಿಣ ಡ್ರೆಸ್ಸು, ಕೊರಿಯೋಗ್ರಫಿ ದೊಯ್ ಹಾಜಿಮೆ ಅವ್ರದ್ದು. ಶುರೂಲಿ ತಲೆ ಹಿಂದಿಂದ ಕೈ ಮೇಲೆ ಬಂದು 'ಯುಎಫ್‌ಓ' ಅನ್ನೋ ಒಂದು ಸ್ಟೆಪ್ ಇದ್ಯಲ್ಲ, ಅದೊಂದು ಮಾಡಿದ್ರೆ ಸಾಕು, 50 ದಾಟಿದೋರು ಬಿಯರ್ ಗ್ಲಾಸ್ ಕೆಳಗಿಟ್ಟು ತಾವೂ ಕೈ ಎತ್ತುತಾರೆ. ಅವ್ರಿಗೆ ಅದು ಕೈಕಾಲಲ್ಲೇ ಕೂತ್ಬಿಟ್ಟಿದೆ.

ಸ್ಪೀಡ್ ಅಷ್ಟೇನಿಲ್ಲ, ಜಾಗ ಕಮ್ಮಿ ಸಾಕು, ತತಾಮಿ ಮೇಲೂ ಆಗತ್ತೆ. ಕಷ್ಟ ಅಂದ್ರೆ ಇಬ್ಬರ ಕೈ ಒಂದೇ ಸಮಕ್ಕೆ ಹೋಗ್ಬೇಕು, ಇಬ್ಬರೇ ಇರೋದ್ರಿಂದ ಬಚ್ಚಿಟ್ಕೊಳ್ಳೋಕ್ಕೆ ಜಾಗ ಇಲ್ಲ. ಟೀಮಲ್ಲಿ ಕುಣಿಯೋ ಧೈರ್ಯ ಇರೋರು ಇಬ್ಬರೇ, ಮಿಕ್ಕವ್ರು ಪಾಪ ನಾಚ್ಕೊಳ್ಳೋರು ಅಂದ್ರೆ ಇದು ಬೆಸ್ಟು, ಮಿಕ್ಕವ್ರ ಕೈಗೆ ಟಾರ್ಚ್ ಕೊಟ್ಟು ಹಾರೋ ತಟ್ಟೆ ಮಾಡ್ಸಿ. ಆದ್ರೆ ಸ್ಟಾರ್ಟಪ್ ಥರದ ಕಂಪನಿ, ಎಲ್ರೂ ಇಪ್ಪತ್ತೈದು ಮೂವತ್ತು ಅಂದ್ರೆ ಬೇಡ, ಅವ್ರಿಗೆ ಇದು ಅಮ್ಮನ ಹಾಡು.

'ಯಂಗ್ ಮ್ಯಾನ್'

ಸಾಯ್ಜೋ ಹಿದೆಕಿ ಅವ್ರ 1979ರ ಹಾಡು. ವಿಲೇಜ್ ಪೀಪಲ್ ಅವ್ರ 'ವೈಎಂಸಿಎ' ಗೊತ್ತಲ್ಲ, ಅದೇ ಟ್ಯೂನ್, ಜಪಾನಿ ಮಾತು. ಕೈಯಲ್ಲಿ ನಾಲ್ಕು ಅಕ್ಷರ ಬರೆಯೋದು ಬಂದ್ರೆ ಡ್ಯಾನ್ಸ್ ಬಂದ ಹಾಗೇ. ಪ್ರಾಕ್ಟೀಸ್‌ಗೆ ಟೈಮೇ ಇಲ್ಲ, ನಾಳಿದ್ದೇ ಪಾರ್ಟಿ ಅಂದ್ರೆ ಇದೊಂದೇ ದಾರಿ. ನೋಡ್ತಾ ಕೂತಿರೋರೆಲ್ಲ ಎದ್ದು ಸೇರ್ಕೊಳ್ಳೋ ಗ್ಯಾರಂಟಿ ಇದಕ್ಕಿರೋ ಅಷ್ಟು ಬೇರೆ ಯಾವ್ದಕ್ಕೂ ಇಲ್ಲ. ಆದ್ರೆ ಜನ ಸೇರ್ಕೊಳ್ಳೋದು ಕೋರಸ್ ಬಂದಾಗ ಮಾತ್ರ, ಮಧ್ಯದ ಸಾಲುಗಳಲ್ಲಿ ಏನ್ ಮಾಡ್ತೀರಿ ಅನ್ನೋದು ಯೋಚ್ನೆ ಮಾಡ್ಕೊಳ್ಳಿ, ಇಲ್ದಿದ್ರೆ ಸುಮ್ನೆ ಚಪ್ಪಾಳೆ ತಟ್ಕೊಂಡು ನಿಂತಿರ್ಬೇಕಾಗತ್ತೆ. ನನ್ನ ಪ್ರಕಾರ ಇದು ಮುಖ್ಯ ಐಟಂ ಅಲ್ಲ. ಬೇರೆ ಏನಾದ್ರೂ ಕುಣಿದು ಮುಗ್ಸಿದ್ಮೇಲೆ "ಇನ್ನೊಂದು, ಇನ್ನೊಂದು" ಅಂತಾರಲ್ಲ, ಅಲ್ಲಿಗೆ ಇಟ್ಕೊಳ್ಳಿ.

ಪಾರಾಪಾರಾ

ಇದನ್ನ ಡಿಸ್ಕೋ ಅನ್ನಬಹುದಾ ಅಂತ ಜಗಳ ಮಾಡೋರಿದಾರೆ. 1980ರ ದಶಕದ ಟೋಕಿಯೋ ಡಿಸ್ಕೋಗಳಲ್ಲೇ ಶುರುವಾಗಿದ್ದು, 90ರ ದಶಕದಲ್ಲಿ ಯೂರೋಬೀಟ್ ಅನ್ನೋ ಜೋರು ಸ್ಪೀಡಿನ ಡ್ಯಾನ್ಸ್ ಸಂಗೀತದ ಜೊತೆ ಬೆಳೀತು, 1990ರಿಂದ 'ಸೂಪರ್ ಯೂರೋಬೀಟ್' ಅಂತ ಸಿಡಿ ಸರಣಿನೇ ಬಂತು. 1999ರಲ್ಲಿ ಸ್ಮ್ಯಾಪ್ ಅನ್ನೋ ಪಾಪ್ ಗುಂಪಿನ ಕಿಮುರಾ ತಕುಯಾ ಟೀವೀಲಿ ಕುಣಿದ್ಮೇಲೆ ಊರೆಲ್ಲ ಅದೇ ಆಗಿ, 2000ದಲ್ಲಿ ಕೊನಾಮಿ ಅದ್ರ ಗೇಮ್ ಮಷೀನೂ ತಂತು. 'ನೈಟ್ ಆಫ್ ಫೈರ್' ಹಾಕಿದ್ರೆ 40ರ ಆಸುಪಾಸಿನ ಹೆಂಗಸ್ರ ಕೈ ತಾನಾಗೇ ಅಲ್ಲಾಡತ್ತೆ. 'ಇನಿಷಿಯಲ್ ಡಿ' ಅನಿಮೆ ನೋಡಿರೋರಿಗಂತೂ ಯೂರೋಬೀಟ್ ಪರಿಚಯ ಇದ್ದೇ ಇರತ್ತೆ.

ಕಾಲಿಗೆ ಕೆಲ್ಸ ಇಲ್ಲ ಇದ್ರಲ್ಲಿ, ಬಲಕ್ಕೆ ಎರಡು ಎಡಕ್ಕೆ ಎರಡು, ಅಷ್ಟೇ. ಎಲ್ಲ ಕೈಯಲ್ಲೇ. ಎಲ್ರೂ ಒಂದೇ ಕಡೆ ಮುಖ ಮಾಡ್ಕೊಂಡು ಸಾಲಾಗಿ ನಿಂತು ಒಂದೇ ಥರ ಕೈ ಆಡಿಸೋದು, ಪ್ರತಿ ಹಾಡಿಗೂ ಅದ್ರದ್ದೇ ಫಿಕ್ಸ್ ಆದ ಸ್ಟೆಪ್ಪು, ನಿಮ್ಮ ಇಷ್ಟಕ್ಕೆ ಬದ್ಲಾಯ್ಸೋ ಹಾಗಿಲ್ಲ. ಹಾಗಾಗಿ ಇಜಕಾಯಾದ ಇಕ್ಕಟ್ಟು ರೂಮಿಗೆ ಇದಕ್ಕಿಂತ ಒಳ್ಳೇದು ಯಾವ್ದೂ ಇಲ್ಲ. ಟೇಬಲ್ ಸಂದೀಲೂ ಕುಣೀಬಹುದು, ಸೀರೆ ಉಟ್ಕೊಂಡೂ ಕುಣೀಬಹುದು, ಮಂಡಿ ನೋವಿರೋರೂ ಕುಣೀಬಹುದು.

ಸುಲಭ ಅಂತ ಅಂದ್ಕೋಬೇಡಿ ಮತ್ತೆ. ಯೂರೋಬೀಟ್ ಅಂದ್ರೆ ನಿಮಿಷಕ್ಕೆ 150 ಬೀಟಿನ ಮೇಲೆ ಓಡತ್ತೆ, ಕೈ ಒಂದು ಸಲ ತಪ್ಪಿದ್ರೆ ವಾಪಸ್ ಹಿಡಿಯೋದು ಕಷ್ಟ, ಮತ್ತೆ ಎಲ್ರೂ ಒಂದೇ ಥರ ಮಾಡ್ತಿರೋವಾಗ ತಪ್ಪಿದೋನು ಒಬ್ಬ ಮದುವೆ ಫೋಟೋದಲ್ಲಿ ಕಣ್ಣು ಮುಚ್ಚಿದೋನ ಥರ ಎದ್ದು ಕಾಣ್ತಾನೆ. ಬಬ್ಲೀಲಿ ತಪ್ಪು ಮಾಡಿದ್ರೆ ಕಾಮಿಡಿ ಅಂತ ನಡಿಯತ್ತೆ, ಇಲ್ಲಿ ತಪ್ಪು ಅಂದ್ರೆ ತಪ್ಪೇ. ಅದಕ್ಕೆ ಇದ್ರ ಪ್ರಾಕ್ಟೀಸು ಬೇರೆ ರೀತಿ. ದಿನಾ ಹದಿನೈದು ನಿಮಿಷ, ಮನೇಲಿ ಕನ್ನಡಿ ಮುಂದೆ, ವಿಡಿಯೋ ಸ್ಪೀಡು 0.75ಕ್ಕೆ ಇಟ್ಕೊಂಡು. ವಾರಕ್ಕೊಂದು ಸಲ ಮೂರು ಗಂಟೆ ಸೇರಿ ಬೆವರು ಸುರ್ಸಿದ್ರೆ ಏನೂ ಉಪಯೋಗ ಇಲ್ಲ. ವಿಡಿಯೋ ಹುಡ್ಕೋವಾಗ ಜಪಾನೀಲಿ 'ಹಂತೆನ್' ಅಂತ ಸೇರ್ಸಿ ಹುಡುಕಿ, ಎಡ ಬಲ ಕನ್ನಡಿ ಥರ ತಿರುಗ್ಸಿರೋ ವಿಡಿಯೋ ಸಿಗತ್ತೆ, ಇಲ್ದಿದ್ರೆ ಅರ್ಧ ಜನ ಬಲಗೈ ಅರ್ಧ ಜನ ಎಡಗೈ ಕಲ್ತು ಬರ್ತೀರಿ, ಆಮೇಲೆ ಸರಿ ಮಾಡೋದು ಕಲಿಯೋದಕ್ಕಿಂತ ಕಷ್ಟ.

ಕೈ ಮುದ್ರೆ, ತಾಳ ಎಲ್ಲ ಚಿಕ್ಕಂದಿಂದ ಅಭ್ಯಾಸ ಇರೋ ಭರತನಾಟ್ಯ ಕಲ್ತೋರು ಯಾರಾದ್ರೂ ಟೀಮಲ್ಲಿದ್ರೆ ಅವ್ರನ್ನ ಮುಂದೆ ಮಧ್ಯದಲ್ಲಿ ನಿಲ್ಸಿ. ಮಿಕ್ಕವ್ರು ಅವ್ರ ಭುಜ ನೋಡ್ಕೊಂಡು ಮಾಡಬಹುದು.

ಜೂಲಿಯಾನಾ

ರೆಟ್ರೋ ಜಪಾನಿ ಡಿಸ್ಕೋ ಅಂದ್ರೆ ಎಷ್ಟೋ ಜನಕ್ಕೆ ಮೊದ್ಲು ಕಣ್ಣಿಗೆ ಬರೋದು ಇದೇ. ಟೋಕಿಯೋದ ಶಿಬಾವುರಾದಲ್ಲಿ 1991ರ ಮೇ ತಿಂಗಳಲ್ಲಿ ಶುರುವಾಗಿ 1994ರ ಆಗಸ್ಟ್‌ನಲ್ಲಿ ಮುಚ್ಚಿದ ಜೂಲಿಯಾನಾಸ್ ಟೋಕಿಯೋ ಡಿಸ್ಕೋ. ಒತಾಚಿದಾಯ್ ಅನ್ನೋ ಎತ್ತರದ ಕಟ್ಟೆ ಮೇಲೆ ಮೈಗಂಟೋ ಬೋದಿಕೋನ್ ಡ್ರೆಸ್ ಹಾಕಿದ ಹುಡುಗೀರು ಪುಕ್ಕದ ಬೀಸಣಿಗೆ ಬೀಸೋದು. ಜನ ಇದನ್ನೂ ಬಬಲ್ ಕಾಲ ಅಂತಾನೇ ಸೇರ್ಸಿ ಹೇಳ್ತಾರೆ. ಆದ್ರೆ ನಿಕ್ಕೇ ಶೇರು ಸೂಚ್ಯಂಕ 38,915ಕ್ಕೆ ಹೋಗಿ ತುದಿ ಮುಟ್ಟಿದ್ದು 1989ರ ಡಿಸೆಂಬರ್ 29ಕ್ಕೆ, ಜೂಲಿಯಾನಾ ಬಾಗ್ಲು ತೆಗೆಯೋ ಹೊತ್ಗೆ ಗುಳ್ಳೆ ಒಡೆದಿತ್ತು. 'ಡ್ಯಾನ್ಸಿಂಗ್ ಹೀರೋ' ಬಂದಿದ್ದು ಇನ್ನೂ ಗುಳ್ಳೆ ಊದೋಕ್ಕೆ ಮುಂಚೆ. ಪಾರ್ಟೀಲಿ ಯಾರೂ ಇದನ್ನ ಕೇಳಲ್ಲ, ಆದ್ರೂ ಎರಡನ್ನೂ ಒಂದೇ ಐಟಂನಲ್ಲಿ ಕಲಸಿದ್ರೆ ಆ ಕಾಲ ನೋಡಿರೋ ಬುಚೋ ಒಬ್ರಾದ್ರೂ "ಅದು ಇದಲ್ಲ" ಅಂತ ಕ್ಲಾಸ್ ತಗೋತಾರೆ. ಅದೂ ಒಂದು ಥರ ಯಶಸ್ಸೇ ಅನ್ನಿ.

ಡ್ಯಾನ್ಸ್ ಅಂತ ನೋಡಿದ್ರೆ ಇದು ಎಲ್ಲಕ್ಕಿಂತ ಸುಲಭ. ಬೀಸಣಿಗೆ ತಲೆ ಮೇಲೆ ಸುತ್ತೋದು, ಸೊಂಟ ಅಲ್ಲಾಡ್ಸೋದು, ಟೆಕ್ನೋ ಬೀಟು. ಆದ್ರೂ ನಾನು ಆಫೀಸ್ ಪಾರ್ಟಿಗೆ ಇದನ್ನ ಹೇಳಲ್ಲ. ಜೊತೆಗೆ ಕೆಲ್ಸ ಮಾಡೋ ಹೆಣ್ಮಕ್ಕಳಿಗೆ ಬೋದಿಕೋನ್ ಹಾಕ್ಕೊಳ್ಳಿ ಅಂತ ಕೇಳೋದು ಈಗಿನ ಕಾಲಕ್ಕೆ ಹರಾಸ್‌ಮೆಂಟು, ಅವ್ರು ನಗ್ತಾ ಹೂಂ ಅಂದ್ರೂ ಕೂಡ. ಗಂಡಸ್ರು ಹಾಕ್ಕೊಂಡು ಕುಣಿಯೋದು ಹಳೇ ಐಡಿಯಾ, ಮೊದಲ ಮೂವತ್ತು ಸೆಕೆಂಡ್ ನಗು ಬರತ್ತೆ, ಆಮೇಲೆ ಏನಿಲ್ಲ. ಇನ್ನೊಂದು, ಆ ಬೀಸಣಿಗೆಯ ಪುಕ್ಕ ಉದುರತ್ತೆ. ಬೋನೆನ್‌ಕಾಯ್ ಅಂದ್ರೆ ಟೇಬಲ್ ಮಧ್ಯೆ ನಾಬೆ, ಅಂದ್ರೆ ಎಲ್ರೂ ಹಂಚ್ಕೊಂಡು ತಿನ್ನೋ ಪಾತ್ರೆ ಸಾರು, ಕುದೀತಿರತ್ತೆ, ಗುಲಾಬಿ ಪುಕ್ಕ ಅದ್ರೊಳಗೆ ಬಿದ್ರೆ ಯಾರು ತಿಂತಾರೆ. ಬಹಳ ಕ್ಲೋಸ್ ಫ್ರೆಂಡ್ಸ್ ನಿಜಿಕಾಯ್ ಆದ್ರೆ, ಊಟ ಆಮೇಲೆ ಬರೋ ಹಾಗಿದ್ರೆ, ಮಾಡಿ. ಇಲ್ಲಾ ಬೀಸಣಿಗೆ ಒಂದನ್ನ ಬಬ್ಲಿ ಡ್ಯಾನ್ಸಿನ ಕೊನೇಲಿ ಹತ್ತು ಸೆಕೆಂಡ್ ತನ್ನಿ.

ತಕೆನೋಕೋ ಝೋಕು

ಇದನ್ನ ಯಾರೂ ಆರ್ಸಲ್ಲ, ನಂಗೆ ಬಹಳ ಇಷ್ಟ. 1970ರ ದಶಕದ ಕೊನೆ, 80ರ ಶುರು, ಟೋಕಿಯೋದ ಹರಾಜುಕುನಲ್ಲಿ ಭಾನುವಾರ ಗಾಡಿ ಬಿಡದೇ ಇರೋ ರಸ್ತೆ ಮೇಲೆ ಹೈಸ್ಕೂಲ್ ಹುಡುಗ್ರು ಹುಡುಗೀರು ಟೇಪ್ ರೆಕಾರ್ಡರ್ ಇಟ್ಕೊಂಡು ಗುಂಪು ಗುಂಪಾಗಿ ಕುಣೀತಿದ್ರು. ಅಲ್ಲೇ ಇದ್ದ ತಕೆನೋಕೋ ಅನ್ನೋ ಬಟ್ಟೆ ಅಂಗ್ಡಿಯಿಂದ ಆ ಹೆಸ್ರು. ಬಟ್ಟೆ ನೋಡ್ಬೇಕು ನೀವು, ಕೆಂಪು, ನೇರಳೆ, ಗುಲಾಬಿ, ಸಡಿಲ ಸಡಿಲ ಮೇಲಂಗಿ, ಪೈಜಾಮ, ಚಪ್ಪಟೆ ಶೂ. ಹಾಡುಗಳು ಆ ಕಾಲದ ಯೂರೋಪಿನ ಡಿಸ್ಕೋ, ಜರ್ಮನಿಯ 'ಜಿಂಗಿಸ್ ಖಾನ್' ಅಂಥದ್ದು, "ಹೂ, ಹಾ" ಅಂತ ಕೂಗೋ ಹಾಡು, ಭಾಷೆ ಗೊತ್ತಿಲ್ದೇ ಇದ್ರೂ ಕೂಗಬಹುದು.

ಸ್ಟೆಪ್ಪು ಸುಲಭ, ಎಲ್ರೂ ಒಟ್ಟಿಗೆ, ಮೈ ಮುಚ್ಚೋ ಬಟ್ಟೆ, ಮಕ್ಕಳನ್ನೂ ಸೇರಿಸ್ಕೋಬಹುದು. ಹಳೇ ಚೂಡಿದಾರ್ ಪೈಜಾಮ, ಅಮ್ಮನ ರೇಷ್ಮೆ ದುಪಟ್ಟಾ ಇದ್ರೆ ಕಾಸ್ಟ್ಯೂಮ್ ಖರ್ಚೇ ಇಲ್ಲ. ಆಫೀಸ್ ಬಿಟ್ಟು, ಟೋಕಿಯೋದ ನಿಶಿ ಕಸಾಯ್ ಕಡೆ ನಮ್ಮ ಜನ ಸೇರಿ ಮಾಡ್ಕೊಳ್ಳೋ ದೀಪಾವಳಿ, ರಾಜ್ಯೋತ್ಸವದ ಥರದ ಗೆಟ್ ಟುಗೆದರ್‌ಗೆ ಒಂದು ಜಪಾನಿ ಐಟಂ ಬೇಕು ಅಂದ್ರೆ ನಾನು ಇದನ್ನೇ ಹೇಳೋದು, ಪಕ್ಕದ ಮನೆ ಜಪಾನಿ ಅಂಕಲ್ ಆಂಟಿನ ಕರೆದಿದ್ರಂತೂ ಕೇಳ್ಲೇ ಬೇಡಿ. ಕೊರತೆ ಏನು ಅಂದ್ರೆ ಇದಕ್ಕೆ ಎಂಟು ಹತ್ತು ಜನ ಬೇಕು, ನಾಲ್ಕು ಜನ ಮಾಡಿದ್ರೆ ದಾರಿ ತಪ್ಪಿದೋರ ಥರ ಕಾಣತ್ತೆ.

ಇನ್ನೆರಡು, ಬೇಗ ಮುಗಿಸ್ತೀನಿ. ಸಿಟಿ ಪಾಪ್ ಹಾಡು ಹಾಕಿ ಕುಣಿಯೋಣ ಅಂತ ನಮ್ಮ ಹುಡುಗ್ರು ಹೇಳ್ತಾರೆ, ಯಾಕಂದ್ರೆ ನಮಗೆ ಇಂಟರ್‌ನೆಟ್‌ನಲ್ಲಿ ಪರಿಚಯ ಆಗಿರೋ ಹಳೇ ಜಪಾನ್ ಅದೇ, ಮತ್ಸುಬಾರಾ ಮಿಕಿ ಅವ್ರ 1979ರ 'ಮಯೋನಾಕಾ ನೋ ಡೋರ್', ತಕೆಉಚಿ ಮರಿಯಾ ಅವ್ರ 1984ರ 'ಪ್ಲಾಸ್ಟಿಕ್ ಲವ್'. ಅದ್ಭುತವಾದ ಹಾಡುಗಳು, ಕಾರಲ್ಲಿ ಕೇಳಿ. ಅವಕ್ಕೆ ಅಂತ ಎಲ್ರಿಗೂ ಗೊತ್ತಿರೋ ಸ್ಟೆಪ್ಪೇ ಇಲ್ಲ, ಪಾರ್ಟೀಲಿ ಜನ ಮಾತಾಡೋಕ್ಕೆ ಶುರು ಮಾಡ್ತಾರೆ. ದಾ ಪಂಪ್ ಅವ್ರ 'ಯುಎಸ್‌ಎ' 2018ರದ್ದು, ಅದೂ 1992ರ ಯೂರೋಬೀಟ್ ಹಾಡಿನ ಹೊಸ ರೂಪನೇ, ಹೆಬ್ಬೆರಳು ಎತ್ತಿ ಒಂದೇ ಕಾಲಲ್ಲಿ ಕುಪ್ಪಳಿಸೋ ಸ್ಟೆಪ್ ಚಿಕ್ಕೋರಿಗೆಲ್ಲ ಬರತ್ತೆ. ಆದ್ರೆ ಕುಪ್ಪಳಿಸೋಕ್ಕೆ ಜಾಗ ಬೇಕು, ಉಸಿರೂ ಬೇಕು, ಮತ್ತೆ ರೆಟ್ರೋ ಅಂತ ಹೇಳ್ಬಿಟ್ಟು ಇದನ್ನ ಮಾಡಿದ್ರೆ ಅಷ್ಟು ಸರಿ ಅಲ್ಲ.

ಬಟ್ಟೆ, ಹಾಡು, ಕೆಲವು ಸಣ್ಣ ವಿಷ್ಯ

ಬಬ್ಲಿ ಡ್ರೆಸ್ಸು, ಪುಕ್ಕದ ಬೀಸಣಿಗೆ ಎಲ್ಲ ಡಾನ್ ಕಿಹೋತೆ ಅಂಗ್ಡಿಯ ವೇಷದ ಸೆಕ್ಷನ್‌ನಲ್ಲಿ ಸಿಗತ್ತೆ. ಆದ್ರೆ ಆ ರೆಡಿಮೇಡ್ ಸೆಟ್ಟು ತೆಳು ಬಟ್ಟೆ, ದೂರದಿಂದ್ಲೇ ವೇಷ ಅಂತ ಗೊತ್ತಾಗತ್ತೆ. ಸೆಕೆಂಡ್ ಹ್ಯಾಂಡ್ ಅಂಗ್ಡಿಗೆ ಹೋಗಿ ನಿಜವಾದ ಹಳೇ ಲೇಡೀಸ್ ಜಾಕೆಟ್ ಹುಡುಕಿ, ಎರಡು ಸೈಜ್ ದೊಡ್ಡದು ತಗೊಳ್ಳಿ, ನೂರು ಯೆನ್ ಅಂಗ್ಡಿ ಸ್ಪಾಂಜು ಕತ್ತರಿಸಿ ಭುಜಕ್ಕೆ ತುಂಬಿ. ಭುಜ ಎಷ್ಟು ಅಗಲ ಇರತ್ತೋ ಡ್ಯಾನ್ಸ್ ಅಷ್ಟು ಚೆನ್ನಾಗಿದೆ ಅನ್ಸತ್ತೆ. ಗಂಡಸ್ರಿಗೆ ಡಬಲ್ ಬ್ರೆಸ್ಟ್ ಸೂಟು, ಅದೂ ದೊಗಳೆ.

ನಮ್ಮೋರು ಮಾತ್ರ ಮಾಡಬಹುದಾದ ಒಂದು ಜೋಕಿದೆ. ಬಬಲ್ ಕಾಲದ ದೊಡ್ಡ ಡಿಸ್ಕೋ ಚೈನ್ ಹೆಸ್ರು 'ಮಹಾರಾಜ', ಓಸಾಕಾದಲ್ಲಿ ಶುರುವಾಗಿ 1984ರಲ್ಲಿ ಟೋಕಿಯೋದ ಅಝಾಬು ಜೂಬಾನ್‌ಗೆ ಬಂದಿದ್ದು. ಬಾಗಿಲಲ್ಲಿ ಕುರೋಫುಕು ಅಂತ ಕರಿ ಸೂಟಿನೋರು ನಿಂತು ಬಟ್ಟೆ ಸರಿ ಇಲ್ದಿದ್ರೆ ಒಳಗೆ ಬಿಡ್ತಿರಲಿಲ್ಲ. ಹಾಗಾಗಿ ಸ್ಕಿಟ್ ಶುರೂಲಿ ಜಪಾನಿ ಕಲೀಗ್ ಒಬ್ರು ಕುರೋಫುಕು ಆಗಿ ಬುಚೋನ ಬಟ್ಟೆ ಚೆಕ್ ಮಾಡಿ ಒಳಗೆ ಬಿಡಲ್ಲ ಅನ್ಲಿ, ಆಗ ನೀವು ಮೈಸೂರು ಪೇಟ ಇಟ್ಕೊಂಡು "ನಾನೇ ಮಹಾರಾಜ, ಇವ್ರನ್ನ ಬಿಡಪ್ಪಾ" ಅಂತ ಎಂಟ್ರಿ ಕೊಡಿ. ಊರಿಂದ ಬರೋವಾಗ ಒಂದು ಪೇಟ ಸೂಟ್‌ಕೇಸಲ್ಲಿ ಹಾಕ್ಕೊಂಡು ಬನ್ನಿ, ನೂರೆಂಟು ಕಡೆ ಉಪಯೋಗಕ್ಕೆ ಬರತ್ತೆ.

ಹಾಡನ್ನ ಮೊದ್ಲೇ ಕಟ್ ಮಾಡಿ ಫೋನಲ್ಲಿ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಇಜಕಾಯಾಗಳು ಎಷ್ಟೋ ನೆಲಮಾಳಿಗೇಲಿ ಇರತ್ತೆ, ನೆಟ್‌ವರ್ಕ್ ನಂಬ್ಕೋಬೇಡಿ. ಪ್ರಾಕ್ಟೀಸ್‌ಗೆ ಬಾಡಿಗೆ ಸ್ಟುಡಿಯೋ ದುಬಾರಿ ಅನ್ಸಿದ್ರೆ ವಾರ್ಡಿನ ಕಮ್ಯುನಿಟಿ ಸೆಂಟರ್ ರೂಮು ಕಮ್ಮಿ ದುಡ್ಡಿಗೆ ಸಿಗತ್ತೆ. ರಾತ್ರಿ ಹೊತ್ತು ಆಫೀಸ್ ಬಿಲ್ಡಿಂಗ್ ಗಾಜಿನ ಮುಂದೆ ಕಾಲೇಜು ಹುಡುಗ್ರು ಕುಣೀತಿರ್ತಾರಲ್ಲ, ಅವ್ರ ಪಕ್ಕ ನಿಂತ್ಕೊಂಡ್ರೂ ಯಾರೂ ಏನೂ ಅನ್ನಲ್ಲ. ಮನೇಲಿ ಮಾತ್ರ ಹಾರ್ಬೇಡಿ, ಜಪಾನಿನ ಬಾಡಿಗೆ ಮನೆ ಗೋಡೆ ನೆಲ ಎಷ್ಟು ತೆಳು ಅಂತ ಗೊತ್ತಲ್ಲ. ಕಾರ್ಯಕ್ರಮ ಕುಡಿತ ಜಾಸ್ತಿ ಆಗೋ ಮುಂಚೆ ಇಡ್ಸಿ, ನೋಡೋರಿಗೂ ಕುಣಿಯೋರಿಗೂ ಅದು ಒಳ್ಳೇದು.

ವಿಡಿಯೋ ತೆಗೆದು ಹಾಕೋ ಆಸೆ ಇದ್ರೆ ಕೇಳಿ. ಹಾಡಿನ ಸಾಹಿತ್ಯ, ಸಂಗೀತದ ಹಕ್ಕಿಗೆ ಯೂಟ್ಯೂಬ್ ಜಪಾನಿನ ಜಸ್ರಾಕ್ ಸಂಸ್ಥೆ ಜೊತೆ ಒಪ್ಪಂದ ಮಾಡ್ಕೊಂಡಿದೆ, ಆದ್ರೆ ನೀವು ಹಾಕಿದ ಆ ರೆಕಾರ್ಡಿಂಗ್ ಸಿಡಿ ಕಂಪನಿಯದ್ದು, ಅದ್ರ ಹಕ್ಕು ಬೇರೆ, ಆ ಅನುಮತಿ ಈ ಒಪ್ಪಂದದಲ್ಲಿ ಬರಲ್ಲ. ಅದಕ್ಕಿಂತ ಮುಖ್ಯ, ಕಲೀಗ್‌ಗಳ ಮುಖ ಕಾಣೋ ವಿಡಿಯೋ ಕೇಳ್ದೇ ಹಾಕ್ಬೇಡಿ, ಇಲ್ಲಿ ಜನ ಅದನ್ನ ಬಹಳ ಸೀರಿಯಸ್ಸಾಗಿ ತಗೋತಾರೆ.

ಕೊನೇಗೆ ಬೆಂಗ್ಳೂರಲ್ಲಿ, ಬಿಡದಿ ಕಡೆ ಜಪಾನಿ ಕಂಪನೀಲಿ ಇರೋರು ಆನ್ಯುಯಲ್ ಡೇಗೆ ಇದನ್ನ ಮಾಡಬಹುದಾ ಅಂತ ಕೇಳ್ತಾರೆ. ಮಾಡಬಹುದು, ಆದ್ರೆ ಲೆಕ್ಕ ಉಲ್ಟಾ ಆಗತ್ತೆ. ಅಲ್ಲಿ ಮುಂದಿನ ಸಾಲಲ್ಲಿ ಕೂತಿರೋ ನಾಲ್ಕೈದು ಜಪಾನಿ ಸಾಹೇಬ್ರಿಗೆ ಮಾತ್ರ ಹಾಡು ಗೊತ್ತು, ಹಿಂದಿರೋ ನೂರಾರು ಜನಕ್ಕೆ ಏನೂ ಗೊತ್ತಿಲ್ಲ. ಸ್ಟೇಜು ದೊಡ್ಡದು, ಶೂ ಹಾಕ್ಕೋಬಹುದು, ಜನಕ್ಕೂ ಬರ ಇಲ್ಲ. ಅಲ್ಲಿ ಪಾರಾಪಾರಾ ಮಾಡಿದ್ರೆ ಹಿಂದಿನ ಸಾಲಿಗೆ ಕೈ ಕಾಣಲ್ಲ, 'ಯುಎಫ್‌ಓ' ಮಾಡಿದ್ರೆ ಇಬ್ಬರು ಆ ಸ್ಟೇಜಲ್ಲಿ ಕಳೆದು ಹೋಗ್ತಾರೆ. ಬಣ್ಣ ಬೇಕು, ಗುಂಪು ಬೇಕು, ಟ್ಯೂನ್ ಮೊದ್ಲೇ ಕಿವೀಲಿ ಇರ್ಬೇಕು. ಇಪ್ಪತ್ತು ಜನ ತಕೆನೋಕೋ ಬಟ್ಟೆ ಹಾಕ್ಕೊಂಡು 'ಜಿಂಗಿಸ್ ಖಾನ್'ನಿಂದ ಶುರು ಮಾಡಿ 'ಯಂಗ್ ಮ್ಯಾನ್'ಗೆ ಬನ್ನಿ, ವೈಎಂಸಿಎ ಟ್ಯೂನ್ ನಮ್ಮಲ್ಲೂ ಗೊತ್ತಿರೋರು ಬೇಕಾದಷ್ಟಿದಾರೆ. ಸಾಹೇಬ್ರನ್ನ ಸ್ಟೇಜಿಗೆ ಎಳೆಯೋದು ಎರಡ್ನೇ ಕೋರಸ್‌ಗೆ, ಮೊದಲ್ನೇದಕ್ಕೆ ಎಳೆದ್ರೆ ನಾಚ್ಕೊಂಡು ಬರಲ್ಲ.